ಫ್ಯಾನಿನ ಕೆಳಗಿನ ಕರಿಕಾಳಗ

ಓ ವಾಗ್ದೇವಿಯೇ, ಊಟದ ಬಿಡುವಷ್ಟು ಹೊತ್ತು ನನ್ನ ನಾಲಿಗೆಯ ಮೇಲೆ ನಿಲ್ಲು. ಕೃಷ್ಣೆ ತುಂಗಭದ್ರೆಯರ ನಡುವಣ ಎಡೆದೊರೆ ನಾಡಿನಲ್ಲಿ, ಹಗಲೆಲ್ಲ ಕುಡಿದ ಉರಿಯನ್ನು ಬಂಡೆಗಳು ಇರುಳೆಲ್ಲ ಉಗುಳುವ ರಾಯಚೂರು ಸೀಮೆಯಲ್ಲಿ, ಒಂದು ಪದವಿಪೂರ್ವ ಕಾಲೇಜಿನ ಅಧ್ಯಾಪಕರ ಕೋಣೆಯೊಳಗೆ ನಡೆದ ಮಹಾಸಂಗ್ರಾಮವನ್ನು ಹೇಳಹೊರಟಿದ್ದೇನೆ. ಅದು ನಾಲ್ಕು ಫ್ಯಾನುಗಳಲ್ಲಿ ಮೂರು ವೀರಸ್ವರ್ಗ ಸೇರಿ, ಒಂದು ಮಾತ್ರ ನರಳುತ್ತ ತಿರುಗುತ್ತಿದ್ದ ಯುಗ. ಆ ಏಕೈಕ ಫ್ಯಾನಿನ ಅಡಿಯ ಮೇಜನ್ನು ಇಪ್ಪತ್ತೆರಡು ವರ್ಷ ಚಕ್ರವರ್ತಿಯಂತೆ ಆಳಿದ ಇತಿಹಾಸದ ಉಪನ್ಯಾಸಕರು ಫೆಬ್ರವರಿಯ ಕೊನೆಯ ದಿನ ಶಾಲು, ಹಾರ, ಗೋಡೆ ಗಡಿಯಾರಗಳ ಸಮೇತ ನಿವೃತ್ತರಾದರು. ಸಿಂಹಾಸನ ಬರಿದಾಯಿತು.

ಅದನ್ನು ಬಯಸಿದವರು ಇಬ್ಬರು. ಮೊದಲನೆಯವಳು ಗಣಿತದ ನೀಲಾಂಬಿಕಾ ಸಿರವಾರ. ಸಮೀಕರಣಸಿಂಹಿಣಿ, ಸುಣ್ಣಧೂಳಿಧೂಸರಿತೆ, ಲೆಕ್ಕದ ನಡುವಣ ಹಂತಗಳನ್ನು ನುಂಗಿ ಉತ್ತರ ಮಾತ್ರ ಬರೆಯುವವರ ಪಾಲಿನ ಪ್ರಳಯರುದ್ರೆ. ಅವಳ ಮೇಜು ಪಡುವಣ ಕಿಟಕಿಗೆ ಅಂಟಿಕೊಂಡಿತ್ತು. ಎರಡು ಬೇಸಿಗೆಗಳಿಂದ, ಮಧ್ಯಾಹ್ನದ ಬಿಸಿಲು ಎಡಗಣ್ಣಿನ ಮೇಲೆ ಬಿದ್ದೊಡನೆ ಅವಳ ತಲೆಯೊಳಗೆ ಒಂದು ಮೊಳೆ ಇಳಿಯಲಾರಂಭಿಸುತ್ತಿತ್ತು. ಸಂಜೆ ಮನೆಗೆ ಹೋದವಳು ಹಣೆಗೆ ಒದ್ದೆ ಬಟ್ಟೆ ಕಟ್ಟಿ ಕತ್ತಲೆಯ ಕೋಣೆಯಲ್ಲಿ ಮಲಗುತ್ತಿದ್ದಳು, ಬಾಗಿಲಾಚೆ ಮಗಳು ಪಿಸುಮಾತಿನಲ್ಲೇ ಪಾಠ ಓದಿಕೊಳ್ಳುತ್ತಿದ್ದಳು. ಮೂರನೆಯ ಬೇಸಿಗೆಯನ್ನೂ ಆ ಕಿಟಕಿಯ ಪಕ್ಕ ಕಳೆಯಲಾರೆನೆಂದು ಅವಳಿಗೆ ಖಾತ್ರಿಯಾಗಿತ್ತು.

ಎರಡನೆಯವನು ಕನ್ನಡದ ಚನ್ನಮಲ್ಲಪ್ಪ ದೇವದುರ್ಗ. ಹಳಗನ್ನಡಗಹನವಿಹಾರಿ, ಅಪಶಬ್ದಮದಗಜಪಂಚಾನನ, ರಜೆಯ ಅರ್ಜಿಯನ್ನೂ ಸಮಾಸಗಳಲ್ಲಿ ಬರೆಯುವ ವೀರ. ಅವನಿಗೆ ಬೇಕಾದದ್ದು ಇಷ್ಟೇ, ತನ್ನ ಬೆವರು ತೊಟ್ಟಿಕ್ಕಿ ಹಾಜರಿ ಪುಸ್ತಕದ ಶಾಯಿ ಕದಡಬಾರದು.

ಹಿರಿತನದಿಂದ ತೀರ್ಮಾನಿಸೋಣವೆಂದರೆ ಇಬ್ಬರೂ ಹತ್ತೊಂಬತ್ತು ವರ್ಷಗಳ ಹಿಂದೆ ಒಂದೇ ದಿನ, ಒಂದೇ ಬಸ್ಸಿನಿಂದ ಇಳಿದು ಕೆಲಸಕ್ಕೆ ಸೇರಿದವರು. ಪ್ರಾಂಶುಪಾಲರು, ನೀವು ನೀವೇ ಬಗೆಹರಿಸಿಕೊಳ್ಳಿರೆಂದು ಹೇಳಿ ಬಾಗಿಲು ಹಾಕಿಕೊಂಡರು. ಆಗ ಅಟೆಂಡರ್ ಮೌಲಾಸಾಬ, ಉಭಯಪಕ್ಷಗಳ ಚಹಾದ ಹದವನ್ನೂ ಬಲ್ಲ ಸಂಧಿವಿಗ್ರಹಿ, ಕ್ರೀಡಾ ಸಾಮಗ್ರಿಯ ಕಪಾಟಿನಲ್ಲಿ ಗಾಳಿ ಹೋದ ವಾಲಿಬಾಲಿನ ಹಿಂದಿನಿಂದ ಚದುರಂಗದ ಡಬ್ಬಿಯೊಂದನ್ನು ಹೊರತೆಗೆದು, ಸಿಂಹಾಸನವೆನಿಸಿದ ಆ ಮೇಜಿನ ಮೇಲೆಯೇ ಮಣೆ ಹಾಸಿದ. ಗೆದ್ದವರಿಗೆ ಮೇಜು ಎಂದಾಯಿತು.

ಆ ಕಾಯಿಗಳಾದರೋ ಒಂದು ಕಾಲದಲ್ಲಿ ಒಂದು ಪಕ್ಷ ಕ್ಷೀರಧವಳವೂ ಇನ್ನೊಂದು ಪಕ್ಷ ಕಾಡಿಗೆಗಪ್ಪೂ ಆಗಿದ್ದವು. ಪಕ್ಷಪಾತವನ್ನರಿಯದ ಧೂಳು ಎರಡು ಸೈನ್ಯಗಳನ್ನೂ ಹಳೆಯ ಬೆಲ್ಲದ ಬಣ್ಣಕ್ಕೆ ತಂದಿತ್ತು. ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರೆ ಇದು ಬಿಳಿ, ಇದು ಕರಿ ಎಂದು ಊಹಿಸಬಹುದಾಗಿತ್ತು. ಮೌಲಾಸಾಬ ಹಾಗೆಯೇ ಊಹಿಸಿ, ಬಿಳಿಯನ್ನು ಬಾಗಿಲ ಕಡೆಗೂ ಕರಿಯನ್ನು ಗೋಡೆಯ ಕಡೆಗೂ ನಿಲ್ಲಿಸಿದ. ಇಬ್ಬರು ವೀರರೂ ತಂತಮ್ಮ ಕುರ್ಚಿಗಳನ್ನು ಎಳೆದುಕೊಂಡು ಬಂದು ಗೋಡೆಯ ಕಡೆಗೇ, ಮೊಣಕೈಗೆ ಮೊಣಕೈ ತಾಗುವಂತೆ ಕುಳಿತರು. ಬಿಳಿಯ ಸೈನ್ಯದ ಹಿಂದೆ ಯಾರೂ ಇರಲಿಲ್ಲ.

ಮೊದಲು ಘರ್ಜಿಸಿದವನು ಚನ್ನಮಲ್ಲಪ್ಪ. ಬಿಳಿಯನ್ನು ಹಿಡಿದವನು ಮೊದಲು ನಡೆಯಬೇಕು. ಮೊದಲು ನಡೆಯುವವನು ಆಕ್ರಮಣಕಾರ. ಎದುರಾಳಿ ಕೈಯೆತ್ತುವ ತನಕ ಕಾದು ನಿಂತವನೇ ಧರ್ಮಯೋಧ. ತನ್ನ ಏಳು ತಲೆಮಾರಿನಲ್ಲಿ ಯಾರೂ ಮೊದಲು ಕೈಯೆತ್ತಿದವರಲ್ಲ ಎಂದು ಅವನು ಕಾಲು ಗಂಟೆ ನುಡಿದ. ನೀಲಾಂಬಿಕೆ ನೀರು ಕುಡಿದು ಉತ್ತರಿಸಿದಳು. ಮೊದಲ ನಡೆಯೆಂದರೆ ತನ್ನ ಮನಸ್ಸನ್ನು ಶತ್ರುವಿಗೆ ಬಿಚ್ಚಿ ತೋರಿಸುವುದು; ತಾನು ಬಸ್ಸಿನಲ್ಲಿಯೂ ಎಲ್ಲರೂ ಹತ್ತಿದ ಮೇಲೆ ಹತ್ತುವವಳು, ಮದುವೆಯ ಪಂಕ್ತಿಯಲ್ಲಿಯೂ ಪಕ್ಕದವರು ಸಾರು ಸವಿದು ಮುಖ ಕಿವುಚಿದರೋ ಇಲ್ಲವೋ ನೋಡಿ ಕಲಸುವವಳು; ಅಂಥವಳ ಕೈಗೆ ಬಿಳಿ ಕೊಡುವುದು ಮೀನನ್ನು ಮರ ಹತ್ತಿಸಿದಂತೆ ಎಂದಳು.

"ನಾಣ್ಯ ಹಾರಸ್ರಿ," ಅಂದ ಮೌಲಾಸಾಬ. ನಾಣ್ಯಕ್ಕೆ ಬಿಳಿಯನ್ನು ಕೊಡುವ ಅಧಿಕಾರವೂ ಇರುವುದರಿಂದ ಇಬ್ಬರೂ ಒಪ್ಪಲಿಲ್ಲ.

ಬಿಡುವಿನಲ್ಲಿ ಉಳಿದದ್ದು ಅರ್ಧ ಗಂಟೆ. ಸರ್ಕಾರಿ ನೌಕರರ ವಂಶದಲ್ಲಿ ಮಾತು ಮುರಿದು ಬಿದ್ದಲ್ಲಿ ಕಾಗದ ಹುಟ್ಟುತ್ತದೆ. ಚನ್ನಮಲ್ಲಪ್ಪ ಒಂದು ಬಿಳಿ ಹಾಳೆಯನ್ನೆಳೆದುಕೊಂಡು, ಸಂಧಾನಪತ್ರವನ್ನು ತಾನೇ ರಚಿಸಿದ. ಸಾಮಾನ್ಯರಂತೆ 'ಕಪ್ಪು ಕಾಯಿ' ಎಂದು ಬರೆಯಲು ಅವನ ಲೇಖನಿ ನಾಚಿತು. ಅದರಲ್ಲಿ ಹೀಗಿತ್ತು: "ನೀಲಾಂಬಿಕಾ ಸಿರವಾರ ಆದ ನಾನು ಕರಿಯನ್ನು ಶ್ರೀ ಚನ್ನಮಲ್ಲಪ್ಪ ದೇವದುರ್ಗ ಅವರಿಗೆ ಸ್ವಸಂತೋಷದಿಂದ ಬಿಟ್ಟುಕೊಟ್ಟಿದ್ದೇನೆ." ಸಹಿ ಹಾಕಿದರೆ ವರ್ಷವಿಡೀ ಶನಿವಾರದ ಕೊನೆಯ ಪೀರಿಯಡನ್ನು ಅವಳ ಬದಲು ತಾನು ತೆಗೆದುಕೊಳ್ಳುವುದಾಗಿ ಬಾಯಲ್ಲಿ ಹೇಳಿದ.

ಅವಳು ಅದನ್ನು ಮೂರು ಸಲ ಓದಿದಳು. ಸಹಿ ಹಾಕಿದಳು. ಮೌಲಾಸಾಬನಿಂದ ಸಾಕ್ಷಿಯ ಸಹಿಯನ್ನೂ ಹಾಕಿಸಿದಳು. ಆಮೇಲೆ ಕರಿಯ ಸೈನ್ಯದ ಮೂಲೆಯಲ್ಲಿ ನಿಂತಿದ್ದ ಆನೆಯೊಂದನ್ನು ಎತ್ತಿ, ಚನ್ನಮಲ್ಲಪ್ಪನ ಅಂಗೈಯಲ್ಲಿಟ್ಟಳು.

"ತಗೋರಿ ಸರ್, ಕರಿ. ಸ್ವಸಂತೋಷದಿಂದ ಕೊಟ್ಟೀನಿ."

"ಇದೇನ್ರಿ ಮೇಡಂ, ಇದು ಆನಿ."

"ಹೌದಲ್ಲ. ಕರಿ ಅಂದ್ರ ಆನಿ."

"ನಾ ಬರದದ್ದು ಬಣ್ಣದ ಕರಿ ರೀ."

"ಹ್ವಾದ ವಾರ ಟೆಸ್ಟಿನಾಗ 'ಕರಿ' ಶಬ್ದಕ್ಕ ಕಪ್ಪು ಅಂತ ಬರದ ಹುಡುಗಿಗೆ ಸೊನ್ನಿ ಹಾಕೀರಿ," ಎಂದಳು ನೀಲಾಂಬಿಕೆ, ಸ್ವರವನ್ನು ಸ್ವಲ್ಪವೂ ಏರಿಸದೆ. "ಆಕಿ ಅಳ್ಕೋತ ನನ್ನ ಹತ್ರ ಬಂದಿದ್ಲು. ಬಣ್ಣ ಅನ್ನೋದಾದ್ರ ಹೇಳ್ರಿ, ಈಗ ಕರಸ್ತೀನಿ, ಆಕಿ ಮಾರ್ಕ್ಸ್ ಕೊಟ್ಟುಬಿಡ್ರಿ."

ಒಂದು ಕಡೆ ಮನಸಾರೆ ಬಯಸಿದ ಕರಿಸೈನ್ಯ, ಇನ್ನೊಂದು ಕಡೆ ಕೆಂಪು ಶಾಯಿಯಲ್ಲಿ ತಾನೇ ಬರೆದ ಸೊನ್ನೆ. ಕೊಟ್ಟ ಸೊನ್ನೆಯನ್ನು ಹಿಂದೆ ಪಡೆದವರಿಲ್ಲದ ವೃತ್ತಿಯಲ್ಲಿ ಹತ್ತೊಂಬತ್ತು ವರ್ಷ ಸವೆಸಿದ ಆ ಪಂಡಿತಕುಲತಿಲಕ ಕಣ್ಣು ಮುಚ್ಚಿ, ತೆರೆದು, ಆನೆಯನ್ನು ಜೇಬಿಗೆ ಹಾಕಿಕೊಂಡ. ಕುರ್ಚಿಯನ್ನೆತ್ತಿಕೊಂಡು ಬಾಗಿಲ ಕಡೆಗೆ, ಬಿಳಿಯ ಹಿಂದೆ ಹೋಗಿ ಕುಳಿತ. ಹೀಗೆ ನೀಲಾಂಬಿಕೆ ಒಂದು ಆನೆಯನ್ನು ತೆತ್ತು ಬಣ್ಣವನ್ನು ಉಳಿಸಿಕೊಂಡಳು. ತೆತ್ತದ್ದು ಹೆಚ್ಚಾಯಿತೇನೋ ಎಂಬ ಅಳುಕು ಅವಳಿಗೆ ಆ ಕ್ಷಣವೇ ಹುಟ್ಟಿತು.

ಬಿಳಿಯ ಸೇನಾಪತಿ ಆರು ನಿಮಿಷ ಕೈಯನ್ನು ಮಣೆಯ ಮೇಲೆ ತೇಲಿಸಿದ. ಯಾವ ಸಿಪಾಯಿಯನ್ನು ಮುಟ್ಟಿದರೂ ಅದು ಅವನ ಕಣ್ಣಿಗೆ ಅಧರ್ಮವಾಗಿ ಕಂಡಿತು. ಕಡೆಗೆ ಅಂಚಿನ ಸಿಪಾಯಿಯನ್ನು ಒಂದೇ ಮನೆ ಮುಂದಿಟ್ಟು, ಕ್ಷಮೆ ಕೇಳುವವನಂತೆ ಕೈ ಹಿಂತೆಗೆದುಕೊಂಡ. ಆಮೇಲೆ ನಡೆದ ಹಾಹಾಕಾರವನ್ನು ಏನೆಂದು ವರ್ಣಿಸಲಿ! ಆನೆಗಳು ಸಾಲುಗಳನ್ನು ತೊತ್ತಳದುಳಿದವು, ಒಂಟೆಗಳು ಓರೆಯಾಗಿ ಹಾಯ್ದವು, ಮಂತ್ರಿಗಳು ಒಬ್ಬರನ್ನೊಬ್ಬರು ಆಲಿಂಗಿಸಿ ಮಡಿದರು. ಒಂದು ಆನೆ ಕಡಿಮೆಯಿದ್ದ ನೀಲಾಂಬಿಕೆಯ ಸೈನ್ಯ ಹಿಂದೆ ಹಿಂದೆ ಸರಿಯಿತು. ಅವಳ ಕಡೆಯಲ್ಲಿ ಬಿದ್ದವರು ಅವನ ಮೊಣಕೈ ಬಳಿ ರಾಶಿಯಾದರು. ಅವಳ ಎಡಗಣ್ಣಿನ ಹಿಂದೆ ಮೊಳೆ ಇಳಿಯತೊಡಗಿತು. ಗಂಟೆ ಬಾರಿಸಲು ಎರಡು ನಿಮಿಷ ಉಳಿದಿತ್ತು. ಚನ್ನಮಲ್ಲಪ್ಪ ಗಡಿಯಾರದ ಕಡೆ ತಿರುಗಿದಾಗ, ಕಾಯಿಗಳ ಸಂದಣಿಯ ನಡುವೆ ಅವಳಿಗೊಂದು ಕುದುರೆ ಕಾಣಿಸಿತು. ಎರಡು ಮನೆ ಮುಂದೆ, ಒಂದು ಮನೆ ಪಕ್ಕಕ್ಕೆ. ಬಿಳಿಯ ರಾಜನಿಗೆ ಅಲುಗಲು ಎಲ್ಲಿಯೂ ಜಾಗವಿರಲಿಲ್ಲ.

"ಚೆಕ್, ಸರ್."

ಅವನು ಬಹಳ ಹೊತ್ತು ನೋಡಿದ. ರಾಜನನ್ನು ಮಲಗಿಸಿದ. ಅವಳು ನಿರೀಕ್ಷಿಸಿದ ದುಃಖ ಅವನ ಮುಖದ ಮೇಲೆ ಬರಲೇ ಇಲ್ಲ. ದೊಡ್ಡದೊಂದು ಸಿದ್ಧಾಂತ ರುಜುವಾತಾದವನ ಕಳೆಯಿತ್ತು.

"ನಾ ಮೊದ್ಲ ಹೇಳಿದ್ನಲ್ರಿ ಮೇಡಂ. ಬಿಳಿ ಹಿಡದವ ಸೋಲ್ತಾನ. ಕರಿ ನನ್ನ ಕೈಯಾಗ ಇದ್ದಿದ್ರ ನೀವು ಉಳೀತಿದ್ದಿಲ್ಲ," ಎಂದು, ಜೇಬಿನ ಆನೆಯನ್ನು ಮೇಜಿನ ಮೇಲಿಟ್ಟು, ಮೌಲಾಸಾಬನ ಹೆಗಲ ಮೇಲೆ ಕೈಹಾಕಿಕೊಂಡು ಅದನ್ನೇ ಇನ್ನೊಮ್ಮೆ ವಿವರಿಸುತ್ತ ಅವನು ತರಗತಿಗೆ ಹೊರಟ. ಕಾರಿಡಾರಿನ ಕೊನೆಯವರೆಗೂ ಅವನ ಸಂತೋಷದ ದನಿ ಕೇಳುತ್ತಿತ್ತು.

ನೀಲಾಂಬಿಕೆಗೆ ಆ ಹೊತ್ತು ತರಗತಿಯಿರಲಿಲ್ಲ. ಗಾಳಿ ನೆತ್ತಿಯ ಮೇಲೆ ನೇರವಾಗಿ ಬೀಳುತ್ತಿತ್ತು. ಮೊಳೆ ಒಂದೊಂದೇ ಎಳೆಯಷ್ಟು ಸಡಿಲವಾಗುತ್ತಿತ್ತು. ಕಾಯಿಗಳನ್ನು ಡಬ್ಬಿಗೆ ತುಂಬಲು ಕುಳಿತಳು. ಅವನ ಮೊಣಕೈ ಬಳಿಯ ರಾಶಿಯಲ್ಲಿ ಅವಳ ಸತ್ತ ಸಿಪಾಯಿಗಳಿದ್ದರು, ಒಂಟೆಯಿತ್ತು. ಅದರ ಕೆಳಗೆ ಒಂದು ಕುದುರೆ ಸಿಕ್ಕಿತು. ಅದರ ಪಕ್ಕ ಇನ್ನೊಂದು. ಅವಳಿಗಿದ್ದದ್ದೇ ಎರಡು, ಎರಡೂ ಯಾವಾಗಲೋ ಸತ್ತಿದ್ದವು. ಮಣೆಯ ಮೇಲೆ ರಾಜನ ಕೊರಳ ಬಳಿ ನಿಂತಿದ್ದ ಮೂರನೆಯದನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು. ಅದು ಬಿಳಿಯದು. ಅವನ ರಾಜನನ್ನು ಅವನದೇ ಕುದುರೆಯಿಂದ ಕೊಂದಿದ್ದಳು.

ಎದ್ದು ಬಾಗಿಲವರೆಗೆ ಹೋದಳು. ಕನ್ನಡ ತರಗತಿಯಿಂದ ಹುಡುಗರ ನಗು ಕೇಳಿಸಿತು. ಚನ್ನಮಲ್ಲಪ್ಪ ಅವರಿಗೂ ಬಿಳಿಯ ಅಧರ್ಮವನ್ನು ಹೇಳುತ್ತಿದ್ದ. ಇಷ್ಟು ಖುಷಿಯಾಗಿ ಸೋತ ಮನುಷ್ಯನನ್ನು ಕರೆದು, ನೀವು ಸೋತದ್ದು ಬಿಳಿ ಹಿಡಿದದ್ದಕ್ಕಲ್ಲ ಸರ್, ಗೆದ್ದದ್ದೇ ನಿಮ್ಮ ಬಿಳಿ ಕುದುರೆ ಎನ್ನುವುದು ಹೇಗೆ? ಹಾಗೆಂದು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡಳು. ಎರಡನೆಯ ಸಲ ಅದು ದಯೆಯಂತೆಯೇ ಕೇಳಿಸಿತು. ಹಿಂದಿರುಗಿ ಬಂದು, ಕುದುರೆಗಳನ್ನೆಲ್ಲ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಕುರ್ಚಿಯನ್ನು ಫ್ಯಾನಿನ ನಡುಮಧ್ಯಕ್ಕೆ ಎಳೆದುಕೊಂಡು ಕುಳಿತಳು. ಇದನ್ನು ಯಾರಿಗೂ, ಮನೆಯಲ್ಲಿ ಮಗಳಿಗೂ, ಹೇಳುವುದಿಲ್ಲವೆಂದು ನಿಶ್ಚಯಿಸಿದಳು.