ಎದೆಗೆ ಕಟ್ಟಿದ ದಿನಚರಿ

ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದ ಡ್ರೈವರ್ ಯಜಮಾನರಿಗೆ ಇಂಜಿನ್ನಿನ ಸದ್ದು ಕೇಳಿಯೇ ಯಾವ ನಟ್ಟು ಸಡಿಲವಾಗಿದೆಯೆಂದು ತಿಳಿಯುತ್ತಿತ್ತು. ತಮ್ಮ ಎದೆಯ ಸದ್ದು ಮಾತ್ರ ತಿಳಿಯಲಿಲ್ಲ. ತಿಂಗಳಿಂದ ಅದು ಆಗಾಗ ಒಂದು ಬಡಿತ ನುಂಗಿ, ಮುಂದಿನದನ್ನು ಗುದ್ದುತ್ತಿತ್ತು. ಡಿಪೋದ ಡಾಕ್ಟರು ರಜೆ ಕೊಟ್ಟು, ಇಪ್ಪತ್ನಾಲ್ಕು ಗಂಟೆ ಎದೆಗೆ ಯಂತ್ರ ಕಟ್ಟಿಸಿಕೊಂಡು ಬಾ ಎಂದರು. ವರದಿ ಸರಿಯಿದ್ದರೆ ಸ್ಟಿಯರಿಂಗು, ಇಲ್ಲವಾದರೆ ನಿವೃತ್ತಿಗೆ ಉಳಿದ ಎರಡು ವರ್ಷ ಡಿಪೋ ಗೇಟಿನ ಬಳಿ ಕುರ್ಚಿ. ಕುರ್ಚಿಗಾಗಿ ಲೋಕವೇ ಬಡಿದಾಡುತ್ತದೆ. ಯಜಮಾನರಿಗೆ ಅದನ್ನು ನೆನೆದರೇ ಎದೆ ಧಸಕ್ಕೆನ್ನುತ್ತಿತ್ತು.

ಆಸ್ಪತ್ರೆಯ ನರ್ಸಮ್ಮ ಅವರ ಎದೆಯ ಕೂದಲನ್ನು ಅಲ್ಲಲ್ಲಿ ಬೋಳಿಸಿ (ಮದುವೆಯ ದಿನವೂ ಅವರಿಗೆ ಇಷ್ಟು ಅಲಂಕಾರವಾಗಿರಲಿಲ್ಲ), ಐದು ಬಿಲ್ಲೆ ಅಂಟಿಸಿ, ತಂತಿಗಳನ್ನು ಸೊಂಟದ ಪುಟ್ಟ ಪೆಟ್ಟಿಗೆಗೆ ಸಿಕ್ಕಿಸಿದರು. ನೋವಿಲ್ಲ, ಶಾಕ್ ಹೊಡೆಯುವುದಿಲ್ಲ. ಸ್ನಾನ ಬೇಡ, ಬಿಲ್ಲೆ ಕೀಳಬೇಡಿ, ಎದೆ ಹಾರಿದರೆ ಗುಂಡಿ ಒತ್ತಿ ಎಂದರು. ಕೊನೆಗೆ ‘ದಿನಚರಿ’ ಎಂದು ಅಚ್ಚಾದ ಹಾಳೆ ಕೊಟ್ಟರು.

“ಎಷ್ಟು ಗಂಟೆಗೆ ಏನು ಮಾಡ್ತಿದ್ರಿ ಅಂತ ಆಗಿಂದಾಗ್ಲೇ ಬರೀರಿ. ಎಂದಿನ ಹಾಗೇ ಇರಿ. ಸುಮ್ಮನೆ ಮಲಗಿಬಿಟ್ರೆ ತೊಂದ್ರೆ ಇದ್ರೂ ಸಿಕ್ಕಲ್ಲ.”

ಯಜಮಾನರ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಮನೆಗೆ ಬಂದವರೇ ಹಾಸಿಗೆ ಬಿಡಿಸಿ, ಶಿಲಾಮೂರ್ತಿಯಂತೆ ಪವಡಿಸಿದರು. ಹೊಲಿಗೆ ಯಂತ್ರ ತುಳಿಯುತ್ತಿದ್ದ ಹೆಂಡತಿ, ಎಂದಿನ ಹಾಗೆ ಇರಬೇಕಂತಲ್ಲ ಎಂದು ನೆನಪಿಸಿದಳು.

“ರಜಾ ದಿನ ನಾನು ಎಂದಿನ ಹಾಗೆ ಇರೋದು ಹೀಗೇ ಅಲ್ವೇನೇ?”

ಹೆಂಡತಿ ಮತ್ತೆ ಹೊಲಿಗೆ ಯಂತ್ರ ತುಳಿಯತೊಡಗಿದಳು, ಮೊದಲಿಗಿಂತ ಜೋರಾಗಿ.

ಮರುದಿನ ಬೆಳಿಗ್ಗೆ ನೋಡಿದರೆ ದಿನಚರಿ ಖಾಲಿ. ಯಜಮಾನರು ಹೆದರಲಿಲ್ಲ. ಇಡೀ ದಿನದ ಟ್ರಿಪ್ ಶೀಟನ್ನು ಸಂಜೆ ಡಿಪೋದಲ್ಲಿ ಒಂದೇ ಉಸಿರಿಗೆ ತುಂಬುವ ಕೈ ಅದು. ಎದೆ ಗಟ್ಟಿಯಿದೆಯೆಂದು ತೋರಬೇಕಾದರೆ ಕೆಲಸವೂ ಗಟ್ಟಿಯಾಗಿರಬೇಕೆಂದು, ಗಂಟೆಗೊಂದರಂತೆ ಬರೆದು, ಕೆಳಗೆ ಸಹಿ ಜಡಿದರು.

ಆಸ್ಪತ್ರೆಯ ಡಾಕ್ಟರಮ್ಮ ಒಂದು ಕಣ್ಣು ಕಂಪ್ಯೂಟರಿನ ಮೇಲೂ ಒಂದು ಕಣ್ಣು ದಿನಚರಿಯ ಮೇಲೂ ಇಟ್ಟು ಓದತೊಡಗಿದರು. ಪಕ್ಕದಲ್ಲಿ ಹೆಂಡತಿ ಕೂತಿದ್ದಳು.

“ಹತ್ತು ಗಂಟೆ, ನೀರಿನ ಬಕೆಟ್ ಹೊತ್ತು ಎರಡು ಮಹಡಿ ಹತ್ತಿದ್ದು. ಬಡಿತ ಐವತ್ತೆಂಟು. ಹನ್ನೊಂದು, ಕಂಬಳಿ ಒಗೆದದ್ದು. ಐವತ್ತಾರು. ಮೂರು, ಕಿಟಕಿ ಒರೆಸಿದ್ದು.” ಅವರು ಕನ್ನಡಕ ತೆಗೆದರು. “ಇದು ಗೊರಕೆ ಹೊಡೆಯೋರ ಬಡಿತ. ಯಜಮಾನ್ರೇ, ಶೆಡ್ಡಲ್ಲಿ ನಿಂತ ಬಸ್ಸು ನೋಡಿ ಬ್ರೇಕ್ ಚೆನ್ನಾಗಿದೆ ಅಂತ ಬರೆದುಕೊಡ್ಲಾ?”

ಯಜಮಾನರಿಗೆ ಬೆನ್ನ ಹಿಂದಿನ ಐವತ್ತು ಸೀಟುಗಳು ನೆನಪಾದವು. ನಿಜಕ್ಕೂ ನಾಚಿಕೆಯಾಯಿತು. ಬೇಡ ಎಂದು ತಲೆಯಾಡಿಸಿದರು.

“ಇನ್ನೊಂದ್ಸಲ ಕಟ್ಟಿ ಡಾಕ್ಟ್ರೇ,” ಎಂದಳು ಹೆಂಡತಿ, ತಣ್ಣಗೆ. “ಬರೆದಿರೋದನ್ನೆಲ್ಲ ಮಾಡಿಸೋ ಜವಾಬ್ದಾರಿ ನಂದು.”

ಎರಡನೆಯ ಸಲ ಯಂತ್ರ ಕಟ್ಟಿದ ದಿನ ದಿನಚರಿಯಲ್ಲಿದ್ದುದೆಲ್ಲ ನಡೆಯಿತು (ಕಂಬಳಿ ಒಗೆಯುವುದನ್ನು ಮಾತ್ರ ಡಾಕ್ಟರಮ್ಮ ಹೊಡೆದುಹಾಕಿದ್ದರು, ಬಕೆಟ್ಟನ್ನು ಅರ್ಧಕ್ಕಿಳಿಸಿದ್ದರು). ಪೆನ್ನು ಹೆಂಡತಿಯ ಕೈಯಲ್ಲಿತ್ತು. ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಮೆಟ್ಟಿಲ ಮೇಲೆ ಎದೆ ಹಾರಿತು. ಯಜಮಾನರು ಗುಂಡಿ ಒತ್ತಿದರು, ಅವಳು ಬರೆದುಕೊಂಡಳು. ಬರೆದವಳೇ ಬಕೆಟ್ ಕಿತ್ತುಕೊಂಡು ಅವರ ತೋಳು ಹಿಡಿದಾಗ, ಏನಿಲ್ಲ ಬಿಡೇ ಎಂದು ಅವರೇ ಸಮಾಧಾನ ಹೇಳಬೇಕಾಯಿತು.

ಬಡಿತ ನುಂಗುತ್ತಿದ್ದ ಕಳ್ಳ ಸಿಕ್ಕಿಬಿದ್ದಿದ್ದ. ಚಿಲ್ಲರೆ ಕಳ್ಳ. ದಿನಕ್ಕೊಂದು ಮಾತ್ರೆ ಸಾಕು, ವಾರ ಬಿಟ್ಟು ತೋರಿಸಿಕೊಂಡು ಬಸ್ಸು ಹತ್ತಬಹುದು ಎಂದರು ಡಾಕ್ಟರಮ್ಮ. ಯಜಮಾನರು ಹಿಗ್ಗಿ ಹೀರೇಕಾಯಿಯಾಗಿ, ಬೇರೇನೂ ಪಥ್ಯವಿಲ್ಲವಷ್ಟೇ ಎಂದು ಕೇಳಿದರು. ಕೇಳಬಾರದಿತ್ತು. ಡಾಕ್ಟರಮ್ಮ ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಿದರು: ‘ಇದೇ ದಿನಚರಿ ಮುಂದುವರಿಸಿ.’

ಈಗ ಆ ಮೊದಲ ಹಾಳೆ ಹೊಲಿಗೆ ಯಂತ್ರದ ಮೇಲಿನ ಗೋಡೆಯಲ್ಲಿದೆ. ರಜಾ ದಿನ ಹತ್ತು ಗಂಟೆಯಾದರೆ ಹೆಂಡತಿ ಮಾತಾಡುವುದಿಲ್ಲ, ಅತ್ತ ಬೆರಳು ತೋರಿಸುತ್ತಾಳೆ. ಯಜಮಾನರು ಬಕೆಟ್ ಎತ್ತಿಕೊಳ್ಳುತ್ತಾರೆ. ಅಕ್ಷರ ಅವರದೇ, ಕೆಳಗಿನ ಸಹಿಯೂ ಅವರದೇ.