ಬಂಗಡೆ ಫೋಟೋಗಳಿಗೆ ಬಾಡಿಗೆ ಜಾಗ

ಕೇಳಿದಷ್ಟು ದುಡ್ಡನ್ನು ಕೇಳಿದ ಕೂಡಲೇ ಕೊಟ್ಟು ಬಂದರೆ ನನಗೆ ಆ ದಿನ ಊಟ ರುಚಿಸುವುದಿಲ್ಲ. ಇದು ಜಿಪುಣತನವಲ್ಲ ಎಂದು ನಾನು ಹೇಳುತ್ತೇನೆ, ಹೌದು ಎಂದು ಹೆಂಡತಿ ಸುಧಾ ಹೇಳುತ್ತಾಳೆ. ಅಂಕೋಲೆಯಲ್ಲಿ ಹುಟ್ಟಿ, ಅಲ್ಲೇ ಹೈಸ್ಕೂಲು ಮಾಸ್ತರನಾದ ನನಗೆ ಚೌಕಾಸಿಯೆಂದರೆ ಮಾತುಕತೆಯ ಒಂದು ಬಗೆ. ಹೇಳಿದಷ್ಟನ್ನೂ ಕೊಟ್ಟು ಎದ್ದು ಹೋದರೆ ಮಾರುವವಳಿಗೇ ಬೇಸರ, ಇನ್ನೂ ಹೆಚ್ಚು ಹೇಳಬಹುದಿತ್ತಲ್ಲ ಎಂದು. ಇಂಥ ನನಗೆ ಈಚೆಗೆ ಮುಖವೇ ಇಲ್ಲದ ಒಬ್ಬ ವ್ಯಾಪಾರಿ ಗಂಟುಬಿದ್ದ. 'ನಿಮ್ಮ ಜಾಗ ತುಂಬುತ್ತಿದೆ' ಎಂದು ನನ್ನ ಫೋನು ಹೇಳತೊಡಗಿತು. ಬೆಳಿಗ್ಗೆ ಎದ್ದರೆ ಅದೇ, ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದರೂ ಅದೇ. ನಾವು ತೆಗೆದ ಫೋಟೋಗಳೆಲ್ಲ ಎಲ್ಲೋ ದೂರದ ಕಂಪ್ಯೂಟರುಗಳಲ್ಲಿ, ಕ್ಲೌಡ್ ಎಂಬಲ್ಲಿ ಹೋಗಿ ಕೂರುತ್ತವಂತೆ. ಪುಕ್ಕಟೆ ಕೊಟ್ಟ ಜಾಗ ಮುಗಿಯುತ್ತ ಬಂತು, ಇನ್ನು ತಿಂಗಳ ಬಾಡಿಗೆ ಕೊಡಿ ಎಂಬುದು ಕಂಪನಿಯ ಮಾತು. ಊಟಕ್ಕೆ ಕೂತರೂ ನನ್ನ ಕೈ ಫೋನಿನ ಕಡೆಗೇ ಹೋಗುತ್ತಿತ್ತು.

"ಕೊಟ್ಬಿಡಿ ಮಾರಾಯ್ರೆ. ಇಬ್ರು ಬನ್ಸ್ ತಿಂದ್ ಚಾ ಕುಡ್ದಷ್ಟೂ ಆಗೂದಿಲ್ಲ. ಇಲ್ದಿದ್ರೆ ಆ ಮೀನಿನ ಫೋಟೋ ಎಲ್ಲ ಅಳ್ಸಿ" ಎಂದಳು ಸುಧಾ.

ಮೀನಿನ ಫೋಟೋಗಳ ಕತೆ ಹೇಳಬೇಕು. ನನ್ನ ಅಕ್ಕ ಇರುವುದು ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ, ಬಾವನಿಗೆ ಅಲ್ಲಿನ ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸ. ನಾನು ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ನಮ್ಮೂರ ಪಕ್ಕದ ಕೇಣಿಯ ಕಡಲದಂಡೆಗೆ ಹೋಗಿ, ಅಂದಿನ ಮೀನಿನ ಫೋಟೋ ತೆಗೆದು, ಕೆಳಗೆ ದರ ಬರೆದು ಅಕ್ಕನಿಗೆ ಕಳಿಸಬೇಕು. ಕೇಣಿಯಲ್ಲಿ ನೂರು ರೂಪಾಯಿಗೆ ಹನ್ನೆರಡು ಬರುವ ಬಂಗಡೆ, ಟೆಂಪೋ ಹತ್ತಿ ಮಲ್ಲಾಪುರ ಮುಟ್ಟುವಷ್ಟರಲ್ಲಿ ನೂರಕ್ಕೆ ಏಳಾಗಿರುತ್ತದೆ. ದಾರಿಯ ಖರ್ಚು ಸ್ವಲ್ಪ, ಉಳಿದದ್ದು ಕ್ವಾರ್ಟರ್ಸಿನವರ ಸಂಬಳದ ಮೇಲಿನ ಗೌರವ. ಮೀನು ಮಾರುತ್ತ ಬಾಗಿಲಿಗೆ ಬರುವ ನಾಗವೇಣಿಗೆ ಅಕ್ಕ ನನ್ನ ಫೋಟೋ ತೋರಿಸಿ, "ನೋಡೇ, ಇವತ್ತಿನ ಕೇಣಿ ರೇಟು" ಎನ್ನುತ್ತಾಳೆ. ಒಂಬತ್ತಕ್ಕೆ ರಾಜಿಯಾಗುತ್ತದೆ. ಆ ಒಂಬತ್ತು ಕ್ವಾರ್ಟರ್ಸಿನ ಇಡೀ ಸಾಲಿಗೆ ಒಂಬತ್ತು. ಯಾವ್ಯಾವುದೋ ಊರಿನಿಂದ ಬಂದು, ಯಾವ್ಯಾವುದೋ ಭಾಷೆ ಆಡುವ ಹೆಂಗಸರೆಲ್ಲ ಮೀನು ಕೊಳ್ಳುವ ಮೊದಲು ಅಕ್ಕನ ಮುಖ ನೋಡುತ್ತಾರೆ. ಅಲ್ಲಿ ಅವಳು ಗಳಿಸಿದ ಮರ್ಯಾದೆಯೆಲ್ಲ ನನ್ನ ಒಂದು ಫೋಟೋದ ಮೇಲೆ ನಿಂತಿತ್ತು.

ಹಾಗಾದರೆ ಹಳೆಯ ಫೋಟೋ ಅಳಿಸಲು ಏನು ಕಷ್ಟ? ಇಲ್ಲಿ ನಾನು ಒಂದು ತಪ್ಪೊಪ್ಪಿಗೆ ಮಾಡಬೇಕು. ಎಲ್ಲ ದಿನವೂ ನಾನು ಕೇಣಿಗೆ ಹೋಗುತ್ತಿರಲಿಲ್ಲ. ಮಳೆ ಬಂದ ದಿನ, ಉತ್ತರ ಪತ್ರಿಕೆಗಳ ಕಟ್ಟು ಮನೆಯಲ್ಲಿ ಬಿದ್ದಿರುವ ದಿನ, ಸುಮ್ಮನೆ ಮೈ ಭಾರವೆನಿಸಿದ ದಿನ ಹಾಸಿಗೆಯಲ್ಲೇ ಹೊರಳಿ, ಹಳೆಯದೊಂದು ಬಂಗಡೆಯನ್ನು ಆರಿಸಿ, ಅಂದಾಜಿನ ದರ ಬರೆದು ಕಳಿಸಿಬಿಡುತ್ತಿದ್ದೆ. ಬಂಗಡೆ ಬಂಗಡೆಯ ಹಾಗೇ ಇರುತ್ತದೆ, ಅದಕ್ಕೆ ತಾರೀಖು ಇರುವುದಿಲ್ಲ. ಹಾಗಾಗಿ ಆ ದಾಸ್ತಾನು ನನ್ನ ಬಂಡವಾಳ. ಅಳಿಸಿದರೆ ದಿನಾ ಏಳಬೇಕು.

ಅಕ್ಕನ ಮಗ ಸಂದೀಪನದು ಕಾರವಾರದಲ್ಲಿ ಮೊಬೈಲ್ ಅಂಗಡಿ. ಅವನ ಹತ್ತಿರ ಹೋಗಿ, ಒಂದು ಹಾರ್ಡ್ ಡಿಸ್ಕ್ ಕೊಂಡು ಈ ಬಾಡಿಗೆಯ ಪೀಡೆ ಕಳೆದುಕೊಳ್ಳೋಣವೇ ಎಂದೆ. ಅವನು ಗಾಜಿನ ಕಪಾಟು ತೋರಿಸಿದ.

"ಮಾಮಾ, ಇದ್ಕೆ ಹೊರದೇಶದಲ್ಲಿ ಎಷ್ಟೋ ಇಲ್ಲೂ ಅಷ್ಟೇ. ಅದ್ಕೇ ಧೂಳ್ ತಿಂತಾ ಕೂತದೆ. ಕ್ಲೌಡ್‌ನವ್ರು ಹಾಗಲ್ಲ, ಅವ್ರು ದೇಶ ನೋಡಿ ರೇಟ್ ಹೇಳೂದು. ಅಲ್ಲಿಯವ್ರಿಗೆ ಜಾಸ್ತಿ, ನಮ್ಗೆ ಕಮ್ಮಿ. ಅದ್ಕೇ ಈಗ ರಿಕ್ಷಾದವ್ರೂ ತಕಂಡಿದಾರೆ."

ಮನೆಗೆ ಬರುವ ದಾರಿಯುದ್ದಕ್ಕೂ ಇದೇ ಯೋಚನೆ. ಕೇಣಿಯ ಹೆಂಗಸರು ದರ ಹೇಳುವ ಮೊದಲು "ಯಾವೂರಾಯ್ತು?" ಎಂದು ಕೇಳುತ್ತಾರೆ. ಕಂಪನಿಯವರೂ ಅದನ್ನೇ ಕೇಳುತ್ತಿದ್ದಾರೆ ಅಷ್ಟೇ. ನನ್ನ ಬಡತನವನ್ನು ಕಣ್ಣಳತೆಯಲ್ಲೇ ಅಳೆದರಲ್ಲ ಎಂದು ಸ್ವಲ್ಪ ಅವಮಾನವಾಯಿತು. ಆದರೆ ಮುಖ ನೋಡಿ ದರ ಹೇಳುವವನು ನಾವು ಮುಖ ತಿರುಗಿಸಿದರೆ ಇಳಿಸುತ್ತಾನೆ, ಇದು ನನ್ನ ಐವತ್ತು ವರ್ಷದ ಅನುಭವ. ಕೇಣಿಯಲ್ಲಿ ಬೇಡವೆಂದು ನಾಲ್ಕು ಹೆಜ್ಜೆ ನಡೆದರೆ "ಬನ್ನಿ, ಎರಡ್ ಹೆಚ್ ಹಾಕ್ತೆ" ಎಂಬ ಕೂಗು ಬಂದೇ ಬರುತ್ತದೆ. ನಾನು ಫೋನಿನಲ್ಲಿ 'ಈಗ ಬೇಡ' ಎಂಬುದನ್ನು ಒತ್ತಿದೆ. ಮರುದಿನವೂ ಒತ್ತಿದೆ. ಐದನೆಯ ದಿನ, ನಂಬಿದರೆ ನಂಬಿ, ಮೊದಲ ಮೂರು ತಿಂಗಳು ಅರ್ಧ ದರ ಎಂಬ ಸಂದೇಶ ಬಂತು. ಸುಧಾಳಿಗೆ ತೋರಿಸಿ ಬೀಗಿದೆ. ಅರ್ಧಕ್ಕೆ ಇಳಿದವನು ಕಾಲಿಗೂ ಇಳಿದಾನು ಎಂದು ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋದೆ. ಮತ್ತೆ ತಿರುಗಿ ನೋಡುವಷ್ಟರಲ್ಲಿ ಅರ್ಧ ದರ ಮಾಯವಾಗಿ ಮೊದಲಿನ ದರವೇ ಕೂತಿತ್ತು. ಫೋನಿನಲ್ಲೂ ಜಾಗವಿಲ್ಲ, ಕ್ಲೌಡಿನಲ್ಲೂ ಜಾಗವಿಲ್ಲ. ಹೊಸ ಫೋಟೋ ತೆಗೆದರೆ ಉಳಿಯುತ್ತಿರಲಿಲ್ಲ. ಅವನು ಕರೆಯಲಿ ಎಂದು ನಾನು ಕಾದೆ. ಕಾಯುತ್ತ ನಾಲ್ಕು ದಿನ ಸಾಲಾಗಿ ಹಳೆಯ ಬಂಗಡೆಗಳನ್ನೇ ಮಲ್ಲಾಪುರಕ್ಕೆ ಕಳಿಸಿದೆ.

ನಾಲ್ಕನೆಯ ದಿನ ಸ್ಟಾಫ್ ರೂಮಿನಲ್ಲಿದ್ದಾಗ ಅಕ್ಕನ ಫೋನು ಬಂತು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ತಮಾ, ಇವತ್ತು ಕೇಣಿಗ್ ಹೋಗಿದ್ಯಾ?"

"ಹೋಗಿದ್ದೆ ಅಕ್ಕಾ" ಎಂದೆ.

"ಎರಡ್ ದಿನದಿಂದ ಗಾಳಿ, ಕೇಣಿಲಿ ಒಂದ್ ದೋಣಿನೂ ಇಳೀಲಿಲ್ವಂತೆ. ನಾಗವೇಣಿ ಕಾರವಾರ ಬಂದರದಿಂದ ಮೀನ್ ತಂದಿದ್ಲು, ರೇಟ್ ಜಾಸ್ತಿ ಅಂದ್ಲು. ನಾ ನಿನ್ನ ಫೋಟೋ ತೋರ್ಸಿ, ನೀ ಸುಳ್ಳು ಹೇಳ್ತಿ ಅಂತ ಅವಳಿಗೆ ಎಲ್ಲರೆದುರು ಬೈದೆ. ಅವಳು ಫೋನ್ ಇಸ್ಕಂಡ್ ನೋಡಿದ್ಲು. ಆ ಮೀನ್ ಹಿಡ್ಕಂಡದ್ದು ಅವಳದೇ ಕೈಯಂತೆ. ಕೇಣಿಲಿ ಬೆಳಿಗ್ಗೆ ಕೂರೂದು ಅವಳೇ ಅಂತೆ. ಕೈಲಿದ್ದ ಆ ಬಳೆ ಒಡ್ದು ಆರ್ ತಿಂಗ್ಳಾಯ್ತಂತೆ." ಆಮೇಲೆ ಅಂದಳು: "ಬುಟ್ಟಿ ಎತ್ಕಂಡ್ ಹೋದ್ಲು. ಇನ್ ಈ ಸಾಲಿಗ್ ಬರೂದಿಲ್ವಂತೆ. ಎಲ್ಲಾ ನನ್ನ ಮುಖ ನೋಡಿದ್ರು ತಮಾ."

ನನಗೆ ನೆಲಕ್ಕಿಳಿದು ಹೋಗುವಷ್ಟು ನಾಚಿಕೆಯಾಯಿತು. ಇನ್ನು ಮೇಲೆ ಹಸಿ ಸುಳ್ಳು, ಹಳೆ ಸುಳ್ಳು ಯಾವುದೂ ಬರುವುದಿಲ್ಲವೆಂದು ಅಕ್ಕನಿಗೆ ಆಣೆ ಮಾಡಿದೆ. ಫೋನು ಇಟ್ಟವನೇ ಕಂಪನಿ ಕೇಳಿದಷ್ಟೂ ಬಾಡಿಗೆಯನ್ನು ಒಂದು ಮಾತಾಡದೆ ತೆತ್ತೆ.

ಗಾಳಿ ಇಳಿದ ದಿನ ಬೆಳಿಗ್ಗೆ ಕೇಣಿಗೆ ಹೋದೆ. ಹೊಸ ಹಸಿರು ಬಳೆ ತೊಟ್ಟು ನಾಗವೇಣಿ ಬುಟ್ಟಿಯ ಮುಂದೆ ಕೂತಿದ್ದಳು. ಎಷ್ಟೋ ವರ್ಷ ಅವಳ ಕೈಯನ್ನಷ್ಟೇ ನೋಡಿದ್ದೆ. ತಪ್ಪೆಲ್ಲ ನನ್ನದು, ಅಕ್ಕನ ಸಾಲನ್ನು ಬಿಡಬೇಡ ಎಂದೆ.

"ಹೋಗ್ತೆ ಬಿಡಿ. ನಿಮ್ಮಕ್ಕ ಒಳ್ಳೇವ್ಳು" ಎಂದಳು. "ಬಂಗಡೆ ಬೇಕಾ ಮಾಸ್ತರ್ರೆ? ನೂರಕ್ಕೆ ಏಳು."

"ಕೇಣಿಯಲ್ಲಿ ಏಳೇ?"

"ಊರು ಕೇಣಿಯೇ. ಗಿರಾಕಿ ಮಲ್ಲಾಪುರದ್ದು."

ಅಭ್ಯಾಸಬಲದಿಂದ ನಾಲ್ಕು ಹೆಜ್ಜೆ ನಡೆದೆ. ಯಾರೂ ಕರೆಯಲಿಲ್ಲ. ಇನ್ನೆರಡು ಹೆಜ್ಜೆ ಹಾಕಿ ನಿಂತೆ, ಚಪ್ಪಲಿಯ ಮರಳು ಕೊಡವಿದೆ, ಆಗಲೂ ಕರೆಯಲಿಲ್ಲ. ಹಿಂತಿರುಗಿ ಏಳು ಬಂಗಡೆ ತೆಗೆದುಕೊಂಡೆ, ಫೋಟೋ ಹೊಡೆದೆ. ಅದರ ಕೆಳಗೆ ಅಂದಿನ ಕೇಣಿ ದರ ಬರೆಯಬೇಕಿತ್ತಲ್ಲ, ಸುಳ್ಳು ಹೇಳುವ ಹಾಗಿಲ್ಲ. 'ನೂರಕ್ಕೆ ಏಳು' ಎಂದು ಬರೆದು ಅಕ್ಕನಿಗೆ ಕಳಿಸಿದೆ. ನಾಗವೇಣಿ ಬುಟ್ಟಿ ಹೊತ್ತು ಮಲ್ಲಾಪುರದ ಟೆಂಪೋ ಹತ್ತಿದಳು.