ಸಿನಿಮಾದ ಸುದ್ದಿ ಒಳಗೆ ಹೋದ ಬಗೆ

ಹೆಂಡತಿಗೆ ಹೇಳಬೇಕಾದ ಮಾತನ್ನು ಊರಿಗೆಲ್ಲ ಹೇಳಿ ಕೊನೆಗೆ ಆಕೆಗೆ ಮುಟ್ಟಿಸುವವನು ನಾನೊಬ್ಬನೇ ಎಂದು ತಿಳಿದಿದ್ದೆ. ಮೊನ್ನೆ ಮೊಮ್ಮಗಳು ಜೀವಶಾಸ್ತ್ರದ ಪಾಠ ಗಟ್ಟಿಯಾಗಿ ಓದುವಾಗ, ನನ್ನ ಮೈಯೊಳಗಿನ ಜೀವಕೋಶಗಳೂ ಹೀಗೇ ಸಂಸಾರ ಮಾಡುತ್ತವೆಂದು ಗೊತ್ತಾಯಿತು. ಇನ್ಸುಲಿನ್ ಸುದ್ದಿ ಹೊತ್ತು ಬಂದು ಕೋಶದ ಬಾಗಿಲಲ್ಲಿರುವ ಪ್ರೋಟೀನನ್ನು ಮುಟ್ಟುತ್ತದಂತೆ. ಅದು ಒಳಗಿನ ಇನ್ನೊಂದನ್ನು ಎಬ್ಬಿಸುತ್ತದೆ, ಅದು ಮತ್ತೆ ಹಲವನ್ನು. ಹೋಗಹೋಗುತ್ತ ಗದ್ದಲ ಹೆಚ್ಚಿ, ಕೊನೆಗೆ ಸಕ್ಕರೆ ಒಳಬರಲು ದಾರಿ ತೆರೆಯುತ್ತದೆ.

“ಮತ್ತ, ಸುದ್ದಿ ತಂದಂವಾ?” ಎಂದು ಕೇಳಿದೆ.

“ಅಂವಾ ಹೊರಗೇ ನಿಂದರತಾನ ಅಜ್ಜಾ. ಅವನ ಕೆಲಸ ಮುಗೀತಲ್ಲ!”

ನನಗೆ ಉದಗೀರಿನ ನಮ್ಮ ಹಳೆಯ ಮನೆ ನೆನಪಾಯಿತು. ಈ ವರ್ಷ ತೀರಿಕೊಂಡ ನನ್ನ ಹೆಂಡತಿ ಆಗಿನ್ನೂ ಹೊಸ ಸೊಸೆ. ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು, ಜನ ಹೆದರಿಕೆ ಬಿಟ್ಟು ಸಂಜೆ ಹೊರಗೆ ತಿರುಗಾಡತೊಡಗಿದ್ದ ಕಾಲ. ಊರಾಚೆ ಸಿನಿಮಾದ ತಂಬು ಬಿದ್ದಿತ್ತು. ಆಕೆಯೊಬ್ಬಳನ್ನೇ ಕರೆದೊಯ್ಯಬೇಕೆಂದು ನನ್ನಾಸೆ. ಆದರೆ ಹಿರಿಯರ ಎದುರು ಗಂಡಹೆಂಡಿರು ಮಾತಾಡುವಂತಿರಲಿಲ್ಲ. ನಾನು ಪಡಸಾಲೆಯಲ್ಲಿ, ಆಕೆ ಅಡುಗೆಮನೆಯಲ್ಲಿ. ಬಾಗಿಲಲ್ಲಿ ನಿಂತಿದ್ದ ತಂಗಿಗೆ, “ಸಂಜೀಕ ಸಿನಿಮಾಕ್ಕ ಹೋಗೋದದ, ತಯಾರಾಗು ಅಂತ ಅಡಗಿಮನ್ಯಾಗಿರೋ ನಿನ್ನ ವೈನೀಗಿ ಹೇಳು” ಎಂದೆ.

ತಂಗಿ ನಡುಮನೆಯಲ್ಲಿದ್ದ ಚಿಕ್ಕಮ್ಮನಿಗೆ ಹೇಳಿದಳು: “ಕಾಕು, ಸಂಜೀಕ ಸಿನಿಮಾಕ್ಕ ಹೋಗೋದದಂತ!”

ಚಿಕ್ಕಮ್ಮ ನಮ್ಮವ್ವನಿಗೆ: “ಅಕ್ಕಾ, ಎಲ್ಲಾರೂ ಹೋಗೋದಂತರೀ. ನಾ ಇಳಕಲ್ ಸೀರಿ ಉಡ್ಲೇನ್ರೀ?”

ಅವ್ವ ಒಲೆಯ ಮುಂದಿದ್ದ ಸೊಸೆಗೆ: “ಏ ಹುಡುಗಿ, ಆ ಹಂಚು ಇಳಸು. ನಡಿ, ನಿನಗ ಸಿನಿಮಾ ತೋರಸ್ತೀನಿ!”

ಒಂದೊಂದು ಬಾಯಿ ದಾಟಿದಂತೆ ಸುದ್ದಿ ದಪ್ಪವಾಯಿತು, ನಾನು ತೆಳ್ಳಗಾದೆ. ಟಾಂಗಾ ಬಂತು, ಅದರ ಹಿಂದೆ ಇನ್ನೊಂದು. ಪಕ್ಕದ ಮನೆಯ ಮುದುಕಿಯೂ ಏರಿ ಕೂತಳು. ಹೊಸ ಧೋತರ ಉಟ್ಟು ನಾನೂ ಹತ್ತಲು ಹೋದಾಗ ಅಪ್ಪ ಕೇಳಿದರು: “ನೀ ಎಲ್ಲಿಗಪಾ? ಮನಿ ಕಾಯಾಕ ಯಾರರ ಬೇಕೋ ಬ್ಯಾಡೋ?”

ಮರುದಿನ ಬಾವಿಯ ಹತ್ತಿರ ಯಾರೂ ಇಲ್ಲದಾಗ ಹೆಂಡತಿ ಕಣ್ಣರಳಿಸಿ ಹೇಳಿದಳು: “ಅತ್ತಿಯವರಿಗಿ ನನ್ನ ಮ್ಯಾಲ ಎಷ್ಟ ಪ್ರೀತಿರೀ! ನೀವ್ ಮಾತ್ರ ಒಂದ್ ದಿನಾನೂ ಬಾ ಅನ್ಲಿಲ್ಲ ನೋಡ್ರಿ.”

ಆ ಹಿಗ್ಗನ್ನು ಕೆಡಿಸಲು ಮನಸ್ಸಾಗಲಿಲ್ಲ. ಅಂದಿನಿಂದ ಅತ್ತೆಸೊಸೆ ಒಂದಾದರು. ಇಬ್ಬರೂ ಸೇರಿ ನನ್ನನ್ನು ಜುಗ್ಗ ಎಂದು ನಗುವಾಗ ನಾನೂ ನಗುತ್ತಿದ್ದೆ. ಹೆಂಡತಿ ಕೊನೆಯವರೆಗೂ ಹಾಗೆಯೇ ನಂಬಿಕೊಂಡು ಹೋದಳು.

ಪಾಠ ಕೇಳಿದ ದಿನ ಧೈರ್ಯ ಮಾಡಿ ಆಕೆಯ ಫೋಟೋದ ಮುಂದೆ ನಿಂತು, “ಅವತ್ತ ಕರದಂವಾ ನಾನೇ” ಎಂದೆ. ನಮ್ಮಲ್ಲಿರುವ ಒಂದೇ ಫೋಟೋದಲ್ಲಿ ಆಕೆ ಅವ್ವನ ಮಗ್ಗುಲಿಗೆ ಕೂತಿದ್ದಾಳೆ. ಇಬ್ಬರೂ ನಂಬಿದಂತೆ ಕಾಣಲಿಲ್ಲ.